ಮೀಟರ್ ಮಾಮನ ಚುಕ್ಕೆಗೆರೆಗಳು

ಸೈಕಲ್ಲನ್ನು ಕಂಡುಹಿಡಿದವನು ಯಾರೇ ಇರಲಿ, ಇಳಿಜಾರಿನಲ್ಲಿ ಅದರಿಂದ ಇಳಿದು ನಡೆಯುವ ಮನುಷ್ಯನೊಬ್ಬ ಮುಂದೊಂದು ದಿನ ಹುಟ್ಟಿಯಾನೆಂದು ಅವನು ಕನಸಿನಲ್ಲಿಯೂ ಎಣಿಸಿರಲಾರ. ಏರನ್ನು ಹಲ್ಲು ಕಚ್ಚಿ, ಒಂದೊಂದು ತುಳಿತಕ್ಕೂ ಚೈನು ನರಳುವಂತೆ ತುಳಿದು ಹತ್ತುವ ಮೀಟರ್ ಮಾಮ, ಗುಡ್ಡದ ನೆತ್ತಿ ತಲುಪಿ, ಇನ್ನು ಕಾಲಾಡಿಸದೆ ಗಾಳಿಗೆ ಮುಖವೊಡ್ಡಿ ಹಾರಬಹುದೆಂದು ನಾವೆಲ್ಲ ಹಿಗ್ಗುವ ಆ ಘಳಿಗೆಯಲ್ಲಿಯೇ ಸೀಟಿನಿಂದ ಇಳಿದು, ಹ್ಯಾಂಡಲ್ ಹಿಡಿದು, ಮುದಿ ನೆಂಟನೊಬ್ಬನನ್ನು ಕೈಹಿಡಿದು ನಡೆಸಿಕೊಂಡು ಹೋಗುವವರಂತೆ ಸೈಕಲ್ಲನ್ನು ಕೆಳಗೆ ನಡೆಸಿಕೊಂಡು ಹೊರಡುತ್ತಾರೆ. ದಾರಿಯೋ ಎರಡು ಮೊಳ ಅಗಲ. ಹಿಂದೆ ಹತ್ತು ಜನ ಸವಾರರು ಬ್ರೇಕು ಹಿಡಿದು, ಮೈ ಪರಚಿಕೊಳ್ಳುತ್ತ, ಅವರ ಖಾಕಿ ಕೋಟಿನ ಬೆನ್ನನ್ನೇ ನೋಡಿಕೊಂಡು ತೆವಳಬೇಕು.

ಅವರ ಜೊತೆ ಹೋದ ಮೊದಲನೆಯ ಭಾನುವಾರವೇ ನಾನು ಕೇಳಿದ್ದೆ, ಇದೇನು ಮಾಮ ಹೀಗೆ ಎಂದು. "ಇಳಿಯೋವಾಗ ಮನೆಗಳು ಕಾಣಲ್ಲ" ಎಂದರು. ನಾವೇನು ಮನೆ ನೋಡಲು ಬಂದಿದ್ದೇವೆಯೇ, ಹೆಣ್ಣು ನೋಡಲು ಹೊರಟ ಹಾಗಾಯಿತಲ್ಲ ಎಂದು ನಾನು ಗೊಣಗಿದೆ. ಅವರು ತಿರುಗಿಯೂ ನೋಡದೆ "ಬರ್ಕೊಂಡೆ" ಎಂದರು.

ಈ 'ಬರ್ಕೊಂಡೆ' ಅವರ ನಾಲಗೆಗೆ ಅಂಟಿದ ಮಾತು. ಹೊಗಳಿದರೂ ಬರ್ಕೊಂಡೆ, ಬೈದರೂ ಬರ್ಕೊಂಡೆ, ಮಳೆ ಬರುವ ಹಾಗಿದೆ ಎಂದರೂ ಬರ್ಕೊಂಡೆ. ಕೋಟಿನ ಮೇಲಿನ ಗುಂಡಿಗೆ ದಾರದಿಂದ ಕಟ್ಟಿದ ಗಿಡ್ಡ ಪೆನ್ಸಿಲ್ಲೊಂದು ಸದಾ ತೂಗುತ್ತಿರುತ್ತದೆ, ನಿಜ. ಒಳಜೇಬಿನಲ್ಲಿ ಉದ್ದನೆಯ ಪುಸ್ತಕವೊಂದಿದೆ, ಅದೂ ನಿಜ. ಆದರೆ ಹೀಗೆ ಹೇಳಿದಾಗಲೆಲ್ಲ ಅವರು ಬರೆದುಕೊಂಡದ್ದನ್ನು ನಾನು ಕಂಡಿರಲಿಲ್ಲ. ಮೂವತ್ತೊಂದು ವರ್ಷ ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುವ ಕೆಲಸ ಮಾಡಿದವರು. ಆ ಗುಡ್ಡಸೀಮೆಯ ಒಂದೊಂದು ಮನೆಯ ಅಂಗಳದಲ್ಲಿ ನಿಂತು, ಹೊಸ್ತಿಲಿಗೆ ಎರಡು ಹೆಜ್ಜೆ ಈಚೆಯೇ ಕಾಲು ಜೋಡಿಸಿ, "ಮೀಟರ್ ನೋಡ್ಬಹುದಾ?" ಎಂದು ಕೂಗಿದವರು. ಬಾಗಿಲು ಹಾಕಿದ್ದರೆ ಉಳಿದವರಂತೆ ಅಂದಾಜಿನ ಅಂಕಿ ಗೀಚದೆ, ಮರುದಿನ ಮತ್ತೆ ಅದೇ ಗುಡ್ಡ ಹತ್ತಿದವರು. ನಿವೃತ್ತಿಯಾಗಿ ಎಂಟು ವರ್ಷವಾದರೂ ಆ ಕೋಟು ಮೈ ಬಿಟ್ಟಿಲ್ಲ, ಆ ಎರಡು ಹೆಜ್ಜೆಯ ದೂರ ಕಾಲು ಬಿಟ್ಟಿಲ್ಲ. ಅವರ ಮನೆ ನಡೆಸುವ ತಂಗಿಯನ್ನು ಕೇಳಿ, ಆಕೆಯ ಗೋಳು ಬೇರೆ. ಜೇಬಿನಲ್ಲಿ ಬೀಗದ ಕೈ ಇಟ್ಟುಕೊಂಡೂ ಈ ಮಹಾನುಭಾವರು ಸ್ವಂತ ಮನೆಯ ಬಾಗಿಲು ತಟ್ಟಿ, ಒಳಗಿನಿಂದ ದನಿ ಬರುವವರೆಗೆ ಕಾಯುತ್ತಾರಂತೆ. "ನಮ್ಮಣ್ಣ ಸತ್ತ ಮೇಲೂ ಅಷ್ಟೇ, ಮೇಲೆ ಹೋಗಿ ಬಾಗಿಲ ಹತ್ರ ನಿಂತ್ಕೊಂಡಿರ್ತಾನೆ, ಯಾರಾದ್ರೂ ಬಾ ಅನ್ನೋ ತನಕ" ಎಂದು ಆಕೆ ನನಗೆ ಚಹಾ ಕೊಡುತ್ತ ಹೇಳಿದ್ದುಂಟು.

ಇಂಥ ಮನುಷ್ಯ ನಮ್ಮ ಸವಾರರ ಸಂಘಕ್ಕೆ ಸಿಕ್ಕಿದ್ದು ಯೋಗವೋ ಗ್ರಹಚಾರವೋ ಇವತ್ತಿಗೂ ನನಗೆ ತೀರ್ಮಾನಕ್ಕೆ ಬಂದಿಲ್ಲ. ನಮ್ಮ ಸೈಕಲ್ಲುಗಳು ಡಾಂಬರಿಗೂ ಪೂರ್ತಿ ಸಲ್ಲದ, ಕಾಡಿಗೂ ಪೂರ್ತಿ ಒಗ್ಗದ ತಳಿ. ಬಾಗಿದ ಹಿಡಿ, ಹಲ್ಲುಹಲ್ಲಾದ ದಪ್ಪ ಟೈರು, ಜಲ್ಲಿಯ ಮೇಲೆ, ಕೆಮ್ಮಣ್ಣಿನ ಮೇಲೆ, ಬಂಡಿಜಾಡಿನ ಮೇಲೆ ಓಡುವುದೇ ಅವುಗಳ ಜನ್ಮೋದ್ದೇಶ. ಅಂಥ ದಾರಿಗಳು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ, ಮೀಟರ್ ಓದುವವನ ಕಾಲಿನಲ್ಲಿ ಇರುತ್ತವೆ. ಆದ್ದರಿಂದ ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಅವರನ್ನು ಕರೆಸಿ ನಕ್ಷೆ ಬರೆಯಲು ಕೇಳಿಕೊಂಡರು. ಕಾರ್ಯದರ್ಶಿಯಾದ ನಾನು ಹಿಂದೆ ನಿಂತು ತಲೆಯಾಡಿಸಿದೆ.

ನಕ್ಷೆ ಅದ್ಭುತವಾಗಿತ್ತು. ಆದರೆ ಅದರಲ್ಲಿ ಎರಡು ಬಗೆಯ ಗೆರೆಗಳಿದ್ದವು, ಮತ್ತು ನಮ್ಮ ಸಕಲ ಸಂಕಟವೂ ಅಲ್ಲಿಂದಲೇ ಶುರುವಾದದ್ದು. ಅಖಂಡವಾದ ಗೆರೆ ಎಂದರೆ 'ಇರುವ ದಾರಿ'. ಎಲ್ಲರದು, ಯಾರನ್ನೂ ಕೇಳಬೇಕಾಗಿಲ್ಲ. ಚುಕ್ಕೆಗೆರೆ ಎಂದರೆ 'ಕೊಟ್ಟ ದಾರಿ'. ಯಾರದೋ ಹಿತ್ತಲು, ಯಾರದೋ ಬದು, ಯಾರದೋ ಮೇಕೆ ಹಟ್ಟಿಯ ಬದಿ, ಅವರು ಕೊಟ್ಟರೆ ಮಾತ್ರ ದಾರಿ. ಒಮ್ಮೆ ಕೊಟ್ಟರೆ ಮುಗಿಯಿತೇ? ಇಲ್ಲ, ಪ್ರತಿವರ್ಷವೂ ಹೋಗಿ ಕೇಳಬೇಕು. ಒಂದು ವರ್ಷ ಅವರ ಜೊತೆ ಈ ಕೇಳುವ ಯಾತ್ರೆಗೆ ಹೋಗಿ ನಾನು ಅರೆಹುಚ್ಚನಾಗಿ ಬಂದೆ. ಹದಿನಾಲ್ಕು ಮನೆ, ಮೂರು ದಿನ. ಎಲ್ಲ ಕಡೆಯೂ ಹೊಸ್ತಿಲಿಗೆ ಎರಡು ಹೆಜ್ಜೆ ಈಚೆ, ಎಲ್ಲ ಕಡೆಯೂ ಅದೇ ಒಂದು ಪ್ರಶ್ನೆ: "ಈ ವರ್ಷ ದಾರಿ ಕೊಡ್ತೀರಾ?" ಒಬ್ಬಾಕೆ ನಮ್ಮನ್ನು ಬಿಸಿಲಿನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿ, ಕೋಳಿಗೂಡು ತೊಳೆದು ಮುಗಿಸಿ, ಕೈ ಒರೆಸಿಕೊಂಡು ಬಂದು, "ಅಲ್ಲ, ಹೋದ ವರ್ಷವೂ ಬಂದು ಕೇಳಿದ್ರಲ್ಲ, ನಿಮಗೆ ಮನೇಲಿ ಕೆಲಸ ಇಲ್ವಾ?" ಎಂದಳು. ಮಾಮ "ಬರ್ಕೊಂಡೆ" ಎಂದು, ಮತ್ತೆ ಅದೇ ಪ್ರಶ್ನೆ ಕೇಳಿದರು. ಕೊಟ್ಟಳು, ನಗುತ್ತ.

ಯಾರಾದರೂ 'ಬೇಡ' ಎಂದರೆ ಮಾತ್ರ ಅವರು ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ. ಯಾಕೆ ಎಂಬ ಎರಡಕ್ಷರ ಅವರ ಬಾಯಿಂದ ಹೊರಡುತ್ತಿರಲಿಲ್ಲ. ಕೈಮುಗಿದು, ಪುಸ್ತಕ ತೆಗೆದು, ರಬ್ಬರಿನಿಂದ ಆ ಚುಕ್ಕೆಗಳನ್ನು ಒಂದೊಂದಾಗಿ ಅಳಿಸಿ, ಉದುರಿದ ಪುಡಿಯನ್ನು ಊದಿ, ಹೊರಡುವುದೇ. ನಾನು ಕಾರಣ ಕೇಳಲು ಬಾಯಿ ತೆರೆದರೆ ಮೊಣಕೈಯಿಂದ ತಿವಿಯುತ್ತಿದ್ದರು. "ಕಾರಣ ಕೇಳಿದ್ರೆ ಅದು ಕೇಳಿದ ಹಾಗಲ್ಲ ಪೇಪರ್‌ನೋರೇ, ವಿಚಾರಣೆ ಮಾಡಿದ ಹಾಗೆ." ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಅಂಕಣ ಬರೆದು ಊರಿನವರನ್ನೆಲ್ಲ ವಿಚಾರಣೆ ಮಾಡುವುದೇ ನನ್ನ ಹೊಟ್ಟೆಪಾಡು, ಏಳನೆಯ ತರಗತಿಗೆ ಶಾಲೆ ಬಿಟ್ಟು, ರದ್ದಿಯಂಗಡಿಯ ಪುಸ್ತಕಗಳಿಂದ ನಾಲ್ಕಕ್ಷರ ಕಲಿತವನು ನಾನು, 'ಯಾಕೆ' ಎಂಬ ಪದವೊಂದೇ ನನ್ನ ಪಿತ್ರಾರ್ಜಿತ. ಅದನ್ನೇ ಕಿತ್ತುಕೊಂಡರೆ ಕೋಪ ಬಾರದಿದ್ದೀತೇ?

ಮಿಕ್ಕ ದಾರಿಗಳ ಮಾತು ಬಿಡಿ, ನಮ್ಮ ವಾರ್ಷಿಕ ಸವಾರಿಯ ಪ್ರಾಣವೆಲ್ಲ ಇದ್ದದ್ದು ಒಂದೇ ಇಳಿಜಾರಿನಲ್ಲಿ. ಗುಡ್ಡದ ನೆತ್ತಿಯಿಂದ ಹಿಂದಿನ ಕಣಿವೆಗೆ, ಒಂದೂವರೆ ಕಿಲೋಮೀಟರ್, ಆರು ತಿರುವು, ಹದವಾಗಿ ಕೂತ ಸಣ್ಣ ಜಲ್ಲಿ. ಸವಾರರು ಅದಕ್ಕೆ 'ಜಾರುಬಂಡೆ' ಎಂದು ಹೆಸರಿಟ್ಟಿದ್ದರು. ದೂರದೂರುಗಳಿಂದ ಜನ ಅದಕ್ಕಾಗಿಯೇ ಹೆಸರು ನೋಂದಾಯಿಸುತ್ತಿದ್ದರು. ಗುಡ್ಡದವರು ಅದನ್ನು ಕರೆಯುತ್ತಿದ್ದದ್ದು 'ನೀರಿನ ದಾರಿ' ಎಂದು, ಯಾಕೆಂದರೆ ಕೆಳಗಡೆ ಅದು ಒಂದು ಒಂಟಿ ಮನೆಯ ಪಕ್ಕದಲ್ಲಿ ಹಾದು, ಬಂಡೆಸಂದಿಯ ಒರತೆಯನ್ನು ಮುಟ್ಟುತ್ತಿತ್ತು. ಒಂದೇ ದಾರಿಗೆ ಎರಡು ಹೆಸರಿರುವಾಗ ಅದು ಒಂದೇ ದಾರಿಯೇ ಎಂಬ ಅನುಮಾನ ನನಗೆ ಆಗ ಬರಬೇಕಿತ್ತು. ಬರಲಿಲ್ಲ.

ಆ ವರ್ಷ ಸವಾರಿಗೆ ಹನ್ನೆರಡು ದಿನವಿರುವಾಗ ಮಾಮ ಡಾಕ್ಟರ ಕ್ಲಿನಿಕ್ಕಿಗೆ ಬಂದು, ಹಲ್ಲುನೋವಿನವರು ಕೂರುವ ಬೆಂಚಿನ ಮೇಲೆ ನಕ್ಷೆಯನ್ನು ಹಾಸಿದರು. ನೀರಿನ ದಾರಿಯ ಜಾಗದಲ್ಲಿ ಬರೀ ಕಾಗದ. ಡಾಕ್ಟರು ಕೈಗವಸು ತೆಗೆಯುವುದನ್ನೂ ಮರೆತು ಇದೇನೆಂದು ಕೇಳಿದರು. "ಆ ಮನೇಲಿ ಬೇಡ ಅಂದ್ರು."

"ಯಾಕಂತೆ?"

"ಕೇಳ್ಲಿಲ್ಲ."

ಆಮೇಲೆ ನಡೆದದ್ದು ಎತ್ತು ಏರಿಗೆ, ಕೋಣ ನೀರಿಗೆ. ನೂರ ನಲವತ್ತು ಸವಾರರು ಬರುತ್ತಿದ್ದಾರೆ ಎಂದು ಡಾಕ್ಟರು. ಒಂಬತ್ತು ಕಿಲೋಮೀಟರ್ ಡಾಂಬರು ಸುತ್ತು ಇದೆಯಲ್ಲ ಎಂದು ಮಾಮ. ಡಾಂಬರಿನ ಮೇಲೆ ಓಡಿಸಲು ಅವರೇನು ಪೇಪರ್ ಹಾಕುವವರೇ ಎಂದು ನಾನು. ಬೆಂಚಿನ ತುದಿಯಲ್ಲಿ ಕೆನ್ನೆ ಊದಿಸಿಕೊಂಡು ಕೂತಿದ್ದ ರೋಗಿಯೊಬ್ಬ, ಮೊದಲು ತನ್ನ ಹಲ್ಲು ಕಿತ್ತು ಆಮೇಲೆ ಜಗಳ ಮಾಡಿ ಎಂದು ಸನ್ನೆ ಮಾಡುತ್ತಿದ್ದ. ನಾನೇ ಹೋಗಿ ಆ ಮನೆಯವರನ್ನು ಒಪ್ಪಿಸುತ್ತೇನೆ ಎಂದೆ. "ಒಪ್ಪಿಸ್ತೀರಿ. ಅದೇ ಭಯ" ಎಂದು ಮಾಮ ಕೋಟಿನ ಗುಂಡಿ ಹಾಕಿಕೊಂಡು ಎದ್ದರು. ಆ ವಾರದ ಅಂಕಣದಲ್ಲಿ ನಾನು, ಹೆಸರು ಹೇಳದೆ, ನಾಲ್ಕು ಹೆಜ್ಜೆಗೊಂದು ಅಪ್ಪಣೆ ಕೇಳುತ್ತ ಲೋಕದ ಚಲನೆಯನ್ನೇ ನಿಲ್ಲಿಸುವ 'ಬೇಲಿಬುದ್ಧಿ'ಯವರ ಬಗ್ಗೆ ಬರೆದೆ. ಜನ ಮೆಚ್ಚಿದರು. ಮಾಮ ದಾರಿಯಲ್ಲಿ ಸಿಕ್ಕಾಗ ಏನೆಂದರೆಂದು ಬೇರೆ ಹೇಳಬೇಕಾಗಿಲ್ಲ.

ಪಾಪವನ್ನು ಮಾಡಿದ್ದು ಮಾತ್ರ ಮುದ್ರಣಾಲಯದಲ್ಲಿ. ಕರಡು ನೋಡಲು ಹೋದವನು ನಾನೊಬ್ಬನೇ. ಮುದ್ರಕ, ಚುಕ್ಕೆಗೆರೆ ಮಡಿಕೆಯ ಮೇಲೆ ಬಂದರೆ ಮಾಸಿಹೋಗುತ್ತದೆ, ಜನ ಮುದ್ರಣದೋಷವೆಂದು ತನ್ನನ್ನು ಬೈಯುತ್ತಾರೆ, ಚುಕ್ಕೆಗಳನ್ನು ಸೇರಿಸಿ ಅಖಂಡ ಗೆರೆ ಮಾಡಿಬಿಡಲೇ ಎಂದು ಕೇಳಿದ. ಸೇರಿಸಿ ಎಂದೆ. ಡಾಕ್ಟರು ಫೋನಿನಲ್ಲಿ, ಹೋದ ವರ್ಷದ ನಕ್ಷೆಯಿಂದ ಜಾರುಬಂಡೆಯನ್ನು ತೆಗೆದುಕೊಂಡುಬಿಡಿ, ಒಂದು ದಿನದ ಮಾತು, ಯಾರಿಗೇನು ನಷ್ಟ ಎಂದರು. ನಾನು ಗಾಜಿನ ಮೇಜಿನ ಮೇಲೆ ಹಳೆಯ ನಕ್ಷೆಯ ಮೇಲೆ ಹೊಸದನ್ನಿಟ್ಟು, ಕೆಳಗಿನ ಬೆಳಕಿನಲ್ಲಿ ಕಂಡ ಗೆರೆಯನ್ನು ನನ್ನ ಕೈಯಾರೆ ಎಳೆದೆ. ಒಬ್ಬ ಮನುಷ್ಯ ಪುಡಿ ಊದಿ ಅಳಿಸಿದ ಜಾಗದಲ್ಲಿ ಕಪ್ಪು ಶಾಯಿ ಎಷ್ಟು ಸಲೀಸಾಗಿ ಕೂತಿತೆಂದರೆ, ಅಲ್ಲಿ ಆ ದಾರಿ ಅನಾದಿಯಿಂದ ಇತ್ತು, ಯಾರೂ ಯಾರಿಗೂ ಕೊಟ್ಟದ್ದೇ ಅಲ್ಲ ಅನ್ನಿಸಿತು.

ಸವಾರಿಯ ದಿನ ಬೆಳಿಗ್ಗೆ ನನ್ನನ್ನು ಗುಡ್ಡದ ನೆತ್ತಿಯಲ್ಲಿ ದಾರಿ ತೋರಿಸಲು ನಿಲ್ಲಿಸಿದ್ದರು, ತೋಳಿಗೆ ಹಳದಿ ಪಟ್ಟಿ. ಮೊದಲ ಸವಾರನಿಗಿಂತ ಮುಂಚೆ ಬಂದದ್ದು ಮಾಮ, ಕೈಯಲ್ಲಿ ಮುದ್ರಿತ ನಕ್ಷೆ. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಎಷ್ಟು ಸುಖವಿತ್ತು! ನಕ್ಷೆಯನ್ನು ನನ್ನ ಮುಂದೆ ಹಿಡಿದು ಆ ಗೆರೆಯ ಮೇಲೆ ಬೆರಳಿಟ್ಟರು, ಆಮೇಲೆ ತಮ್ಮ ಸೈಕಲ್ಲನ್ನು ದಾರಿಗೆ ಅಡ್ಡಲಾಗಿ ಮಲಗಿಸಿ ಅದರ ಪಕ್ಕದಲ್ಲಿ ಕೂತರು. ಸ್ವಲ್ಪ ಆಚೆ ಸರಿಯಿರಿ ಮಾಮ, ಮಾನ ಕಳೀಬೇಡಿ ಎಂದು ಬೇಡಿದೆ, ಗದರಿದೆ. ಜಪ್ಪಯ್ಯ ಎಂದರೂ ಏಳಲಿಲ್ಲ. "ದಾರಿ ಇಲ್ಲ" ಎಂಬ ಎರಡೇ ಪದ. ಸವಾರರು ಬಂದು ಗುಂಪುಗೂಡಿದಾಗ, ಓದುಗರೇ, ನಾನೇ ಪಕ್ಕದ ಪೊದೆಯನ್ನು ಕಾಲಿನಿಂದ ತುಳಿದು ಅಗಲಿಸಿ, "ಹೋಗಿ, ಹೋಗಿ, ಈ ಕಡೆಯಿಂದ ಹೋಗಿ" ಎಂದು ಒಬ್ಬೊಬ್ಬರನ್ನೇ ದಾಟಿಸಿದೆ. ಆಗ ಮಾಮ ಹ್ಯಾಂಡಲಿನ ಗಂಟೆಯನ್ನು ಹೊಡೆಯತೊಡಗಿದರು. ಅದು ಹಳೆಯ ಕಾಲದ ಜೋಡಿಗಂಟೆ, ಕಣಿವೆಗೆಲ್ಲ ಕೇಳುವಂಥದ್ದು. ನಮ್ಮ ಸೈಕಲ್ಲುಗಳಿಗೆ, ಭಾರವೆಂದು, ಗಂಟೆಯೇ ಇರುವುದಿಲ್ಲ. ಕೊನೆಯ ಸವಾರ ಇಳಿಯುವವರೆಗೆ, ನಲವತ್ತು ನಿಮಿಷ, ಅವರು ಹೆಬ್ಬೆರಳು ತೆಗೆಯಲಿಲ್ಲ. ಮುದುಕನಿಗೆ ತಲೆ ಕೆಟ್ಟಿತು ಎಂದು ನಾನು ನಗೆಚಟಾಕಿ ಹಾರಿಸಿದೆ, ನಾಲ್ಕು ಜನ ನಕ್ಕರು.

ಎಲ್ಲರೂ ಹೋದ ಮೇಲೆ ನಾನೂ ಇಳಿದೆ. ಕೊನೆಯ ತಿರುವಿನಲ್ಲಿ ಆ ಒಂಟಿ ಮನೆ. ಬಾಗಿಲುಕಂಬದಿಂದ ಒಂದು ನೀಲಿ ನೈಲಾನ್ ಹಗ್ಗ ಹೊರಟು, ಮರದಿಂದ ಮರಕ್ಕೆ ಸುತ್ತಿಕೊಂಡು, ದಾರಿಯ ಅಂಚಿನಲ್ಲಿಯೇ ಒರತೆಯ ಕಡೆಗೆ ಹೋಗಿತ್ತು. ನಡುದಾರಿಯಲ್ಲಿ ಒಬ್ಬ ಮನುಷ್ಯ ಎರಡೂ ಕೈಯಲ್ಲಿ ಹಗ್ಗ ಹಿಡಿದು, ಬೆನ್ನನ್ನು ಮಣ್ಣಿನ ಗೋಡೆಗೆ ಒತ್ತಿಕೊಂಡು ನಿಂತಿದ್ದ. ಕಾಲ ಬಳಿ ಬಿಂದಿಗೆ ಉರುಳಿತ್ತು. ಕಲ್ಲುಕ್ವಾರಿಯಲ್ಲಿ ಜಲ್ಲಿ ಒಡೆಯುತ್ತಿದ್ದವನು, ಅದರ ಹಿಂದಿನ ವರ್ಷ ಸಿಡಿತವೊಂದರಲ್ಲಿ ಎರಡೂ ಕಣ್ಣು ಕಳೆದುಕೊಂಡವನು. ನಾವು ಜಾರಿಬಂದ ಜಲ್ಲಿಯಲ್ಲಿ ಅವನು ಒಡೆದದ್ದೂ ಇತ್ತು. ಮನೆಯಲ್ಲಿ ನಲ್ಲಿಯಿತ್ತು, ಅವನಿಗೆ ಬೇಕಿದ್ದದ್ದು ನೀರಲ್ಲ, ಒಬ್ಬನೇ ಹೋಗಿ ಬರುವುದು. ಇನ್ನೂರ ಹನ್ನೊಂದು ಹೆಜ್ಜೆಯನ್ನು ಏಳು ತಿಂಗಳಲ್ಲಿ ಕಲಿತಿದ್ದನಂತೆ.

ನನ್ನ ಟೈರಿನ ಸದ್ದಿಗೆ ಅವನು ಕೇಳಿದ, "ಇನ್ನೂ ಇದ್ದಾರಾ?"

"ಇಲ್ಲ, ನಾನೇ ಕೊನೆ."

"ಮೊದ್ಲು ಬಂದೋರೂ ಹಂಗೇ ಅಂದ್ರು" ಎಂದ, ಕೈ ಬಿಡದೆ.

ಹೊಲಿದ ಬಟ್ಟೆ ಕೊಟ್ಟುಬರಲು ಕೆಳಗಿನ ರಸ್ತೆಗೆ ಹೋಗಿದ್ದ ಅವನ ಹೆಂಡತಿ ಆಗಷ್ಟೇ ಬಂದಳು. ಮೇಲೆ ಗಂಟೆಯ ಸದ್ದು ಕೇಳಿ ಏನೋ ಬರುತ್ತಿದೆಯೆಂದು ಅವನು ಗೋಡೆಗೆ ಒತ್ತಿಕೊಂಡನಂತೆ, ಇಲ್ಲದಿದ್ದರೆ ದಾರಿಯ ನಡುವೆಯೇ ಇರುತ್ತಿದ್ದನಂತೆ. ಆಕೆ ಬಿಂದಿಗೆ ಎತ್ತಿಕೊಂಡು, ನನ್ನ ಹಳದಿ ಪಟ್ಟಿಯನ್ನು ನೋಡುತ್ತ, "ಯಾರ ಸೈಕಲ್ಲೂ ಇವರಿಗೆ ಬಡೀಲಿಲ್ಲ. ಬಡಿದಿದ್ರೆ ಬೈಯೋಕಾದ್ರೂ ಆಗ್ತಿತ್ತು" ಎಂದಳು.

ಮರುದಿನದಿಂದ ಅವನು ಒರತೆಗೆ ಹೋಗಲಿಲ್ಲ.

ತಪ್ಪೊಪ್ಪಿಕೊಳ್ಳಲು ಮಾಮನ ಮನೆಗೆ ಹೋದವನು ನಾನು, ಜಗಳವಾಡಿ ಬಂದೆ. ಗೆರೆ ಎಳೆದದ್ದು ನನ್ನ ಕೈ, ಪೊದೆ ತುಳಿದದ್ದು ನನ್ನ ಕಾಲು, ಎಲ್ಲ ಹೇಳಿದೆ. "ಬರ್ಕೊಂಡೆ" ಎಂದರು. ಆಗ ನನಗೆ ತಡೆಯಲಾಗಲಿಲ್ಲ. ಕೇಳಲು ಹೋದ ದಿನ ಆ ಹಗ್ಗವನ್ನು ನೀವು ನೋಡಿರಲಿಲ್ಲವೇ ಎಂದೆ. ನೋಡಿದ್ದರು. ಅವನನ್ನೂ ನೋಡಿದ್ದರು. ಹಾಗಾದರೆ ಕ್ಲಿನಿಕ್ಕಿನಲ್ಲಿ ಒಂದು ಮಾತು ಉದುರಿಸಿದ್ದರೆ ನಾವೇನು ರಾಕ್ಷಸರೇ, ಆ ಗೆರೆಯ ತಂಟೆಗೆ ಹೋಗುತ್ತಿದ್ದೆವೇ?

"ಅವರು ಹೇಳ್ಲಿಲ್ಲ, ನಾನು ಹೆಂಗೆ ಹೇಳ್ಲಿ? ಮೂವತ್ತೊಂದು ವರ್ಷ ಜನರ ಮನೆಯೊಳಗೆ ಹೋಗಿ ಮೀಟರ್ ಮಾತ್ರ ನೋಡಿ ಬಂದೋನು ನಾನು" ಎಂದರು. "ಕಾರಣ ಹೇಳಿದ್ರೆ ನೀವು ತೂಕ ಹಾಕ್ತಿದ್ರಿ. ಇಂಥ ಕಾರಣಕ್ಕಾದ್ರೆ ಸರಿ, ಅಂಥದ್ದಕ್ಕಾದ್ರೆ ಇಲ್ಲ ಅಂತ. ಬೇಡ ಅನ್ನೋದು ಸಾಲ್ದಾ?"

"ಜೀವ ಹೋಗಿದ್ರೆ, ಮಾಮ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿ ಸೆರಗು ಬಾಯಿಗಿಟ್ಟುಕೊಂಡಳು. ಮಾಮ ಒಳಜೇಬಿನ ಪುಸ್ತಕ ತೆಗೆದು, ಹಾಳೆ ಹುಡುಕಿ, ನನ್ನ ಮುಂದೆ, ಮೊತ್ತಮೊದಲ ಬಾರಿಗೆ, ನಿಜವಾಗಿಯೂ ಏನೋ ಬರೆದುಕೊಂಡರು. ಬಾಯಿಂದ ಆ ಪದ ಬರಲಿಲ್ಲ.

ಮರುವರ್ಷ ಅವರು ಮತ್ತೆ ಕೇಳಲು ಹೊರಟಾಗ ನಾನೂ ಹಿಂಬಾಲಿಸಿದೆ. ಆ ಮನೆಗೆ ನೀರಿನ ದಾರಿಯಿಂದ ಇಳಿದರೆ ಹತ್ತು ನಿಮಿಷ. ಈ ಮನುಷ್ಯ, ಆ ದಾರಿಯನ್ನು ಇನ್ನೂ ಕೊಟ್ಟಿಲ್ಲವಲ್ಲ ಎಂದು, ನನ್ನನ್ನು ಒಂಬತ್ತು ಕಿಲೋಮೀಟರ್ ಡಾಂಬರು ಸುತ್ತಿಸಿ, ನೆತ್ತಿ ಸುಡುವ ಬಿಸಿಲಿನಲ್ಲಿ ಕರೆದೊಯ್ದರು, ಆ ದಾರಿ ಕೊಡುತ್ತೀರಾ ಎಂದು ಕೇಳಲಿಕ್ಕೆ! ಗಂಡ ಒಳಗೆ ಕಿಟಕಿಯ ಬಳಿ ಕೂತಿದ್ದ. ಹಗ್ಗ ಸಡಿಲಾಗಿ, ಎರಡು ಮರಗಳ ನಡುವೆ ನೆಲ ಮುಟ್ಟಿತ್ತು. ಹೊಲಿಗೆಯಂತ್ರ ನಿಲ್ಲಿಸದೆಯೇ ಆಕೆ, "ತಗೊಳ್ಳಿ. ಅವರು ನೀರಿನ ಕಡೆ ಹೋಗೋದೇ ಬಿಟ್ರು. ಇನ್ಯಾರು ಹೋದ್ರೇನು" ಎಂದಳು.

ಮಾಮ ಪುಸ್ತಕ ತೆರೆದರು, ನೋಡಿದರು, ಮುಚ್ಚಿದರು. ಅಂಗಳ ದಾಟಿದ ಮೇಲೆ ನಾನು, ಕೊಟ್ಟರಲ್ಲ, ಚುಕ್ಕೆ ಇಡಿ ಎಂದೆ.

"ಕೊಟ್ಟಿದ್ದಲ್ಲ ಅದು. ಬಿಟ್ಟಿದ್ದು."

ಸಂಘದವರಿಗೆ ಇದನ್ನು ವಿವರಿಸಿ ನೋಡಿ! ಮನೆಯವರೇ ಒಪ್ಪಿದ ಮೇಲೂ ನಕ್ಷೆಗೆ ಹಾಕದ ಈ ಪ್ರಾಣಿಯನ್ನು ಡಾಕ್ಟರು ಸಂಘದಿಂದಲೇ ಕೈಬಿಟ್ಟರು. ನಾನೂ ಹೊರಬಿದ್ದೆ, ಆದರ್ಶದಿಂದಲ್ಲ, ಮುಖ ಉಳಿದಿರಲಿಲ್ಲ. ಈಗ ಮಾಮ ಪ್ರತಿ ಗುರುವಾರ ಅದೇ ಒಂಬತ್ತು ಕಿಲೋಮೀಟರ್ ಸುತ್ತಿ ಆ ಮನೆಯ ಕಿಟಕಿಗೆ ಎರಡು ಹೆಜ್ಜೆ ಈಚೆ ನಿಂತು, ಹೆಂಡತಿಯನ್ನಲ್ಲ, ಗಂಡನನ್ನು ಕೇಳುತ್ತಾರೆ, "ನೀರಿನ ತನಕ ಹೋಗೋಣ್ವಾ?" ಅವನು, "ಈ ವಾರ ಬೇಡ" ಎನ್ನುತ್ತಾನೆ. "ಬರ್ಕೊಂಡೆ" ಎಂದು ಮಾಮ ಸೈಕಲ್ ತಿರುಗಿಸುತ್ತಾರೆ. ಇಪ್ಪತ್ತಾರು ಗುರುವಾರವಾಯಿತು. ಜೊತೆಗೆ ಹೋಗುವ ನನಗೆ ಸಹನೆ ಕೆಟ್ಟು, ಸುಮ್ಮನೆ ಕೈಹಿಡಿದು ಕರೆದುಕೊಂಡು ಹೋಗಬಾರದೇ, ನಾಲ್ಕು ಹೆಜ್ಜೆ ಇಟ್ಟರೆ ಧೈರ್ಯ ತಾನೇ ಬರುತ್ತದೆ ಎಂದರೆ, ಕತ್ತೆಯನ್ನು ನೋಡುವಂತೆ ನನ್ನನ್ನು ನೋಡುತ್ತಾರೆ. ಆದರೆ ಹೋದ ತಿಂಗಳಿನಿಂದ ಆ ನೀಲಿ ಹಗ್ಗ ಮತ್ತೆ ಬಿಗಿಯಾಗಿದೆ. ಯಾರು ಬಿಗಿದರೋ ಮಾಮ ಕೇಳಿಲ್ಲ, ನನಗೂ ಕೇಳಗೊಟ್ಟಿಲ್ಲ.

ಇಂಥವರು ಎಲ್ಲ ಊರಿನಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ಅವರಿಂದ ಯಾವ ಕೆಲಸವೂ ಬೇಗ ಮುಗಿಯುವುದಿಲ್ಲ, ಯಾವ ಸಭೆಯೂ ಸುಗಮವಾಗಿ ಸಾಗುವುದಿಲ್ಲ. ಅವರ ಜೊತೆ ಬಾಳುವುದು ಹಿಂಸೆ, ಅವರ ಹಿಂದೆ ಇಳಿಜಾರು ಇಳಿಯುವುದು ಅದಕ್ಕಿಂತ ಹಿಂಸೆ, ಮತ್ತು ಅವರು ಸದಾ ಸರಿಯೆಂದೂ ನಾನು ಹೇಳಲಾರೆ. ಆದರೆ ಯಾರೂ ಬಂದು ಕೇಳದ ಮನೆಯಲ್ಲಿ 'ಬೇಡ' ಎಂಬ ಪದಕ್ಕೆ ಹೊರಬರಲು ಬಾಗಿಲೇ ಇರುವುದಿಲ್ಲ. ನಮ್ಮಂಥ ವೇಗದವರು ತುಳಿದು ಸಪಾಟು ಮಾಡಿದ ಲೋಕದಲ್ಲಿ ಆ ಪದವನ್ನು ಜೀವಂತ ಇಟ್ಟಿರುವುದು, ಹೊಸ್ತಿಲಿಗೆ ಎರಡು ಹೆಜ್ಜೆ ಈಚೆ ನಿಂತು, ಉತ್ತರ ಗೊತ್ತಿದ್ದೂ ಮತ್ತೊಮ್ಮೆ ಕೇಳುವ ಈ ತಲೆಹರಟೆ ಜನ. ನಾಳೆ ಗುರುವಾರ. ಒಂಬತ್ತು ಕಿಲೋಮೀಟರ್ ಡಾಂಬರು. ಬೈದುಕೊಂಡು ಹೋಗುತ್ತೇನೆ.